ಕಣಜದ ಬೆನ್ನಿನ ಗಾಳಿ

೨೦೦೮ರ ಆಷಾಢ. ಹಾರೋಹಳ್ಳಿಯ ಪಶು ಆಹಾರ ಕಾರ್ಖಾನೆಯೊಂದರಲ್ಲಿ ಹೊಸ ಚಿಮಣಿ ನಿಂತು ತಿಂಗಳಾಗಿತ್ತು. ಅದು ಗಾಳಿಯನ್ನು ತಡೆದುಕೊಳ್ಳುತ್ತದೆಂದು ಲೆಕ್ಕ ಹಾಕಿ ಸಹಿ ಮಾಡಿದವಳು ಅಲ್ಲಿನ ಎಂಜಿನಿಯರ್ ಲತಾಮಣಿ. ಮುಂದಿನ ಸೋಮವಾರ ಬಣ್ಣ ಬಳಿಯುವವರು ಹತ್ತಬೇಕಿತ್ತು.

ಮಂಗಳವಾರ ಕೋಡಿಹಳ್ಳಿ ಕಡೆಯ ಫಿಟ್ಟರ್ ಕೆಂಪರಾಜು ಅವಳ ಮೇಜಿನ ಮುಂದೆ ಬಂದು ನಿಂತ.

"ಮೇಡಂ, ಗಾಳಿ ಬೀಸ್ದಾಗ ಚಿಮಣಿ ಗುಂಯ್ ಅಂತ ಅಲ್ಲಾಡ್ತೈತೆ."

"ಎಲ್ಲಾ ಚಿಮಣೀನೂ ಒಸಿ ಅಲ್ಲಾಡ್ತದೆ, ಕೆಂಪರಾಜು."

"ಒಸಿ ಅಲ್ಲ ಮೇಡಂ. ಪಡುವಲ ಗಾಳಿಗೆ ಮಾತ್ರ ಹಿಂಗಾಡ್ತೈತೆ."

ಅವನು ಹೋದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಚಿಮಣಿಯ ಪಡುವಣಕ್ಕಿದ್ದದ್ದು ಮುಸುಕಿನ ಜೋಳ ತುಂಬುವ ಉಕ್ಕಿನ ಕಣಜ. ಅವಳ ಹಳೆಯ ಲೆಕ್ಕ ಗಾಳಿಯ ಏರಿಳಿತವನ್ನೆಲ್ಲ ಸರಾಸರಿ ಮಾಡಿತ್ತು. ಕಣಜದ ಬೆನ್ನಲ್ಲಿ ಏಳುವ ಸುಳಿಗಳು ಅದರಲ್ಲಿ ಅಳಿಸಿಹೋಗಿದ್ದವು. ಒಂದು ಸುಳಿಯನ್ನೂ ಬಿಡದೆ ಲೆಕ್ಕ ಹಾಕಲು ಅವಳ ನಾಲ್ಕು ಕಂಪ್ಯೂಟರುಗಳಿಗೆ ವರ್ಷಗಳೇ ಬೇಕು. ಎರಡನ್ನೂ ಬೆರೆಸುವ ದಾರಿಯೊಂದಿತ್ತು: ಕಣಜದ, ಚಿಮಣಿಯ ಗೋಡೆಗೆ ಅಂಟಿದ ಗಾಳಿಯ ತೆಳು ಪದರದಲ್ಲಿ ಸರಾಸರಿ, ಗೋಡೆ ಬಿಟ್ಟು ದೂರ ಸರಿದ ಗಾಳಿಯಲ್ಲಿ ದೊಡ್ಡ ಸುಳಿಗಳನ್ನು ಒಂದೊಂದಾಗಿ ಹಿಂಬಾಲಿಸುವುದು.

ಬುಧವಾರ ಶುರುಮಾಡಿದಳು. ಬುತ್ತಿಯನ್ನು ನಿಂತೇ ಉಂಡಳು. ಕಿಟಕಿಗೆ ಹೋಗಿ ಚಿಮಣಿ ನೋಡುವಳು, ತಿರುಗಿ ಬಂದು ಪರದೆ ನೋಡುವಳು. ಗುರುವಾರ ಸಂಜೆಗೆ ಮುಗಿದದ್ದು ಅರ್ಧವೂ ಇಲ್ಲ.

ಶನಿವಾರ ಮಧ್ಯಾಹ್ನ ಉತ್ತರ ಬಂತು. ಸುಳಿಗಳು ಚಿಮಣಿಗೆ ಬಡಿಯುವ ಲಯವೂ ಚಿಮಣಿ ತಾನಾಗಿ ತೂಗುವ ಲಯವೂ ಹೆಚ್ಚುಕಡಿಮೆ ಒಂದೇ. ಪ್ರತಿ ಹೊಡೆತಕ್ಕೂ ತೂಗಾಟ ಹೆಚ್ಚುತ್ತಿತ್ತು.

ಮ್ಯಾನೇಜರ್ ಜಯಕುಮಾರ್ ಅವಳು ತಂದಿಟ್ಟ ಕಾಗದಗಳನ್ನು ಪಕ್ಕಕ್ಕೆ ತಳ್ಳಿದರು. "ಹೋದ ತಿಂಗಳು ಸರಿ ಅಂದೋರೂ ನೀವೇ. ಈಗ ಯಾವ್ದನ್ನ ನಂಬ್ಲಿ?"

"ಅದು ತಪ್ಪು ಸರ್. ಹಂಗಂತ ಬರ್ದು ಕೊಡ್ತೀನಿ. ಸೋಮವಾರ ಯಾರನ್ನೂ ಹತ್ತಿಸ್ಬೇಡಿ."

ಅವಳು ಅಲ್ಲೇ ಕೂತು ಬರೆದು ಸಹಿ ಹಾಕಿದಳು. ಜಯಕುಮಾರ್ ಎರಡು ಸಲ ಓದಿ, ಕೆಂಪರಾಜುವನ್ನು ಕರೆಸಿ ಬುಡದ ಬೋಲ್ಟುಗಳನ್ನು ನೋಡಲು ಹೇಳಿದರು. ಗಂಟೆಯೊಳಗೆ ಅವನು ಮರಳಿದ.

"ಎರಡು ಸೀಳ್ಬುಟ್ಟವೆ ಸಾರ್. ಕೂದ್ಲೆಳೆಯಷ್ಟು."

ಚಿಮಣಿಯ ಸುತ್ತ ಹಗ್ಗ ಕಟ್ಟಿ ಜನರನ್ನು ದೂರ ಕಳಿಸಿದರು. ಮುಂದಿನ ವಾರ ಬೋಲ್ಟು ಬದಲಾಯಿಸಿ, ನಾಲ್ಕು ಕಡೆ ಉಕ್ಕಿನ ತಂತಿ ಬಿಗಿದರು. ಗುಂಯ್‌ಗುಡುವುದು ನಿಂತಿತು. ಎಲ್ಲರೂ ಹೊಗಳಿದರು, ಲತಾಮಣಿ ಮಾತ್ರ ತನ್ನ ಮೊದಲ ಸಹಿಯಿದ್ದ ಕಾಗದವನ್ನು ಮೇಜಿನ ಮೇಲೆ ಕಣ್ಣಿಗೆ ಬೀಳುವಂತೆ ಇಟ್ಟುಕೊಂಡಳು.

ಶ್ರಾವಣದಲ್ಲಿ ಜಯಕುಮಾರ್ ಸೋಲೂರಿನ ಇನ್ನೊಂದು ಕಾರ್ಖಾನೆಗೆ ಕಟ್ಟಬೇಕಾದ ಹೊಸ ಚಿಮಣಿಯ ನಕ್ಷೆ ತಂದಿಟ್ಟರು. "ಎರಡು ದಿನ ಸಾಕಲ್ವಾ?"

"ಸಾಲಲ್ಲ ಸರ್," ಎಂದು ಅವಳು ಎದ್ದಳು. "ಮೊದ್ಲು ಅದರ ಪಕ್ಕ ಏನೇನಿದೆ ಅಂತ ನೋಡ್ಕೊಂಡು ಬರ್ತೀನಿ."