ಯಾರ ಒತ್ತಾಯವೂ ಇಲ್ಲದೆ

ಹೂವಪ್ಪನ ಮನೆಯಲ್ಲಿ ಬೆಳಗಿನ ಹೊತ್ತು ಯಾರಿಗೂ ಪುರುಸೊತ್ತಿರುವುದಿಲ್ಲ. ಅವನದು ಶಾಮಿಯಾನದ ಕಸುಬು. ಏಪ್ರಿಲ್ ಬಂತೆಂದರೆ ಇಕ್ಕೇರಿಯಿಂದ ಹೊಸನಗರದವರೆಗೆ ಎಲ್ಲಿ ಮದುವೆಯೋ ಅಲ್ಲಿ ಅವನ ಕಂಬ, ಅವನ ಕುರ್ಚಿ, ಅವನ ಅನ್ನದ ಹಂಡೆ. ಅವನು ಅಂಗಳದಲ್ಲಿ ನಿಂತು ಫೋನಿನಲ್ಲಿ ಕೂಗಾಡುತ್ತಿದ್ದರೆ, ತಾಯಿ ಹುಲಿಯಮ್ಮ ಎಲೆಯಡಿಕೆ ಕುಟ್ಟುತ್ತಾ ಅವನ ಕೂಗನ್ನೇ ಅಣಕಿಸುತ್ತಾಳೆ. ಮಗಳು ತನುಜಾ ಅರ್ಧ ದೋಸೆ ಬಾಯಲ್ಲಿಟ್ಟುಕೊಂಡು ಸಾಗರದ ಕಾಲೇಜಿನ ಬಸ್ಸಿಗೆ ಓಡುತ್ತಾಳೆ. ಹೂವಪ್ಪನ ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಆ ಮನೆಯಲ್ಲಿರುವುದು ಈ ಮೂವರೇ.

ನಾನು ಬೆಳ್ಳಪ್ಪ. ಪಕ್ಕದ ಮನೆಯವ, ಹೂವಪ್ಪನ ದೊಡ್ಡಪ್ಪನ ಮಗ. ಸಾಗರದಲ್ಲಿ ಕಚೇರಿಯೊಂದರ ಎದುರು ಟಾರ್ಪಾಲಿನ ಕೆಳಗೆ ಕೂತು ಮೂವತ್ತೈದು ವರ್ಷದಿಂದ ಜನರ ಅರ್ಜಿ ಬರೆಯುತ್ತಿದ್ದೇನೆ. ಖಾತೆ ಬದಲಾವಣೆ, ಪಿಂಚಣಿ, ರೇಷನ್ ಕಾರ್ಡು ಎಲ್ಲವೂ ಕೈಗೆ ಬಾಯಿಪಾಠವಾಗಿವೆ. ಈಚಿನ ನಾಲ್ಕೈದು ವರ್ಷಗಳಲ್ಲಿ ಹೊಸದೊಂದು ಬರವಣಿಗೆ ಸೇರಿಕೊಂಡಿದೆ. ಅದು ಕ್ಷಮಾಪಣೆ.

ಈಗ ನಮ್ಮ ಕಡೆ ಇದೊಂದು ಶಾಸ್ತ್ರವೇ ಆಗಿಬಿಟ್ಟಿದೆ. ಹುಡುಗನೋ ಹುಡುಗಿಯೋ ಮೊಬೈಲಿನಲ್ಲಿ ಏನನ್ನೋ ಹಾಕುತ್ತಾರೆ, ಯಾರಿಗೋ ನೋವಾಗುತ್ತದೆ, ಇಪ್ಪತ್ತು ಮಂದಿ ಮನೆ ಬಾಗಿಲಿಗೆ ಬರುತ್ತಾರೆ. ಆಮೇಲೆ ತಪ್ಪಿತಸ್ಥರನ್ನು ನಿಲ್ಲಿಸಿ, ಕೈ ಮುಗಿಸಿ, ವಿಡಿಯೋ ಮಾಡುತ್ತಾರೆ. ಮೊದಲ ಸಾಲಿನಲ್ಲಿ ಹೆಸರು ಮತ್ತು ಊರು ಬರಬೇಕು. ಎರಡನೆಯದು, 'ಯಾರ ಒತ್ತಾಯವೂ ಇಲ್ಲದೆ ಹೇಳುತ್ತಿದ್ದೇನೆ.' ಆ ಇಪ್ಪತ್ತು ಮಂದಿ ಫೋನಿನ ಹಿಂದೆ ನಿಂತಿರುವಾಗಲೇ ಈ ಮಾತು ಹೇಳಬೇಕು. ನಾನು ಅಂಥ ಹನ್ನೊಂದು ಬರೆದುಕೊಟ್ಟಿದ್ದೇನೆ. ನಮ್ಮವರಿಗೂ ಬರೆದಿದ್ದೇನೆ, ಸಾಬರ ಮಕ್ಕಳಿಗೂ ಬರೆದಿದ್ದೇನೆ. ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ನನ್ನದೊಂದು ಚಾಲಾಕಿಯೂ ಇತ್ತು. ಮುದುಕರ ಮೈಮೇಲೆ ಯಾರೂ ಕೈ ಮಾಡುವುದಿಲ್ಲ, ಹಾಗಾಗಿ ತಪ್ಪನ್ನು ಮನೆಯ ಹಿರಿಯರ ತಲೆಗೆ ಕಟ್ಟಿಬಿಡುತ್ತಿದ್ದೆ.

ತನುಜಾ ಮತ್ತು ಅವಳ ಸಹಪಾಠಿ ಮುಬೀನಾ ಸೇರಿ ಇನ್‌ಸ್ಟಾಗ್ರಾಮಿನಲ್ಲಿ 'ಎರಡು ಮನೆ' ಎಂಬ ಪೇಜು ನಡೆಸುತ್ತಿದ್ದರು. ವಾರಕ್ಕೊಬ್ಬ ಹಿರಿಯರು ಬೇರೆ ಧರ್ಮದ ನೆರೆಯವರ ಬಗ್ಗೆ ನೆನಪಿದ್ದದ್ದನ್ನು ಹೇಳಬೇಕು, ಅಷ್ಟೇ. ಜಗಳವೂ ಆಗಬಹುದು, ಸ್ನೇಹವೂ ಆಗಬಹುದು. ನೋಡುವವರು ನಾನೂರು ಮಂದಿ ಇದ್ದರೆ ಹೆಚ್ಚು. ಒಂಬತ್ತನೆಯ ವಾರ ಹುಲಿಯಮ್ಮ ಹೇಳಿದಳು: "ಹೂವಪ್ಪ ಹುಟ್ಟಿದಾಗ ನಂಗೆ ಜ್ವರ ಬಂದು ಎದೆಹಾಲು ಬತ್ತಿಹೋತು. ಮರ ಕೊಯ್ಯೋ ಸಾಮಿಲ್ ಹಿಂದೆ ಜೈನಬಿ ಇದ್ಲು, ಅವ್ಳೂ ಬಾಣಂತಿ. ನಲವತ್ತೆಂಟು ದಿನ ಅವ್ಳೇ ಕುಡಿಸಿದ್ಲು. ಇಲ್ದಿದ್ರೆ ಇವ್ನು ಎಲ್ಲಿರ್ತಿದ್ದ?"

ಜೈನಬಿ ಮುಬೀನಾಳ ಅಜ್ಜಿ. ಈಗ ಸಾಗರದಲ್ಲಿ ಮಗನ ಮನೆಯಲ್ಲಿದ್ದಾಳೆ.

ಮೂರೇ ದಿನದಲ್ಲಿ ಆ ನಲವತ್ತು ಸೆಕೆಂಡಿನ ವಿಡಿಯೋವನ್ನು ಅರವತ್ತು ಸಾವಿರ ಮಂದಿ ನೋಡಿದರು. ನಮ್ಮೂರ ಯುವಕ ಸಂಘದ ಸುರೇಂದ್ರ, ನಮ್ಮ ತಾಯಂದಿರ ಎದೆಹಾಲಿಗೆ ಅವಮಾನವಾಯಿತು ಎಂದ. ಅತ್ತ ಮುಬೀನಾಳ ಕಡೆಯ ಹಿರಿಯರು, ಬಾಣಂತಿ ಹೆಂಗಸಿನ ವಿಷಯವನ್ನು ಬೀದಿಗೆ ತಂದಿರಿ ಎಂದರು. ಎರಡೂ ಕಡೆಯವರು ಇಷ್ಟು ವರ್ಷಗಳಲ್ಲಿ ಒಮ್ಮತಕ್ಕೆ ಬಂದದ್ದು ಇದೊಂದೇ ವಿಷಯದಲ್ಲಿ. ಹುಡುಗಿಯರು ಇಬ್ಬರೂ ಕ್ಷಮೆ ಕೇಳಬೇಕು, ಹಾಲಿನ ಮಾತು ಸುಳ್ಳು ಎನ್ನಬೇಕು.

ಹೂವಪ್ಪನಿಗೂ ತಾನು ಜೈನಬಿಯ ಹಾಲು ಕುಡಿದ ವಿಷಯ ಗೊತ್ತಾದದ್ದು ಮೊಬೈಲಿನಲ್ಲೇ. ಅವನು ಕೆಂಡವಾಗಿದ್ದ.

"ನಂಗೆ ಐವತ್ತು ವರ್ಷ ಆತು. ಇಷ್ಟು ದಿನ ಇಲ್ಲದ ಹಾಲಿನ ಸುದ್ದಿ ಈಗೆಂತಕ್ಕೆ ಬೇಕಿತ್ತು?"

"ಅಜ್ಜಿ ಸುಳ್ಳು ಹೇಳಿದ್ರಾ ಅಪ್ಪ?" ತನುಜಾ ಕೇಳಿದಳು.

"ಸುಳ್ಳೋ ನಿಜವೋ, ಅದು ಮನೆ ಒಳಗಿನ ಮಾತು. ಸುರೇಂದ್ರನ ಹುಡುಗ್ರು ನಂಗೆ ಎಂತ ಹೆಸ್ರು ಇಟ್ಟಿದಾರೆ ಗೊತ್ತನೆ ನಿಂಗೆ?"

"ಹೆಸ್ರು ಇಟ್ಟವ್ರು ಅವ್ರು. ಕ್ಷಮೆ ನಾನ್ ಕೇಳ್ಬೇಕಾ?"

"ಅರ್ಧ ನಿಮಿಷದ ಕೆಲ್ಸ ಮಾರಾಯ್ತಿ. ಕೈ ಮುಗಿದು ಓದಿಬಿಟ್ರೆ ಮುಗೀತು. ಈ ಸೀಜನ್ನಲ್ಲಿ ಸುರೇಂದ್ರನ್ನ ಎದುರು ಹಾಕ್ಕೊಂಡ್ರೆ ನನ್ನ ಕಂಬ ಊರ್ಸೋರು ಯಾರು?"

"ಮುಗಿಯಲ್ಲ ಅಪ್ಪ. ತೀರ್ಥಹಳ್ಳಿಯ ಹರ್ಷನೂ ಹಿಂಗೇ ಓದಿದ್ದ. ಎರಡು ವರ್ಷ ಆತು. ಕೆಲ್ಸ ಕೇಳ್ಕೊಂಡು ಹೋದಲ್ಲೆಲ್ಲ ಮೊದ್ಲು ಆ ವಿಡಿಯೋನೇ ತೋರಿಸ್ತಾರಂತೆ. ಈಗ ಮನೆಯಿಂದ ಹೊರಗೇ ಬರೋದಿಲ್ಲ. ನಮ್ಮ ಮಾತು ತಪ್ಪು ಅನ್ನಿಸಿದ್ರೆ ಅವ್ರೂ ಬಂದು ಮಾತಾಡ್ಲಿ, ನಮ್ಮ ಪೇಜಲ್ಲೇ ಹಾಕ್ತೀವಿ. ಬಾಯಿ ಮುಚ್ಚಿಸೋದು ಎಂಥ ಉತ್ತರ?"

ಹರ್ಷನ ಕ್ಷಮಾಪಣೆ ಬರೆದವನು, ಆಗ ಅವರ ಜಗಲಿಯಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದ ನಾನೇ.

ಮಗಳು ಒಳಗೆ ಹೋದ ಮೇಲೆ ಹೂವಪ್ಪ ನನ್ನ ಪಕ್ಕ ಬಂದು ಕೂತ. "ಅಣ್ಣಾ, ಹೆಂಗಾದ್ರೂ ಪಾರು ಮಾಡು. ನೀನ್ ಬರ್ದುಕೊಡು, ಅವ್ಳು ಓದ್ತಾಳೆ" ಎಂದ. ನಾನು ಬರೆದೆ. ಅಭ್ಯಾಸದ ಕೈ, ಐದು ನಿಮಿಷವೂ ಹಿಡಿಯಲಿಲ್ಲ. ಬರೆಯುವಾಗ ನನಗೆ ನಿಜ ಗೊತ್ತಿತ್ತು. ಆಗ ನನಗೆ ಹತ್ತು ವರ್ಷ. ದಿನಕ್ಕೆ ನಾಲ್ಕು ಸಲ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಾಮಿಲ್ಲಿನ ಹಿಂದಿನ ಮನೆಗೆ ಓಡುತ್ತಿದ್ದವನು ನಾನು. ಅಷ್ಟಾದರೂ ಬರೆದೆ. ದಣಿದ ಮನುಷ್ಯನಿಗೆ ಸುಳ್ಳು ಬಲು ಹಗುರ, ಸ್ವಾಮಿ.

ಮಾರನೆಯ ದಿನ ಸಂಜೆ ನಾಲ್ಕಕ್ಕೆ ಸಮುದಾಯ ಭವನದ ಮುಂದೆ ಎಲ್ಲರೂ ಸೇರಿದೆವು. ಹುಲಿಯಮ್ಮನನ್ನೂ ಕರೆಸಿ ಕುರ್ಚಿಯಲ್ಲಿ ಕೂರಿಸಿದ್ದರು. ಮುದುಕಿಯೂ ವಿಡಿಯೋದಲ್ಲಿ ಕಾಣಬೇಕು ಎಂದು ಸುರೇಂದ್ರನ ಹಟ. ಅವನು ಮೊದಲು ತನ್ನ ಫೋನನ್ನು ತನುಜಾಳ ಮುಖಕ್ಕೆ ಹಿಡಿದ. ಅದರಲ್ಲಿ ಮುಬೀನಾ ಇದ್ದಳು, ಕೈ ಮುಗಿದು, ಕಣ್ಣೆಲ್ಲ ಊದಿಕೊಂಡು. 'ನಮ್ಮ ಅಜ್ಜಿ ಯಾರಿಗೂ ಹಾಲು ಕುಡಿಸಿಲ್ಲ. ಯಾರ ಒತ್ತಾಯವೂ ಇಲ್ಲದೆ ಹೇಳುತ್ತಿದ್ದೇನೆ.' ಅವಳ ಚಿಕ್ಕಪ್ಪ ಬೆಳಿಗ್ಗೆ ಮಾಡಿಸಿದ ವಿಡಿಯೋ ಅದು.

"ಅವ್ರೇ ಒಪ್ಪಿಕೊಂಡ್ರಲ್ಲ, ಇನ್ನೆಂತ? ಓದು" ಎಂದ ಸುರೇಂದ್ರ.

ತನುಜಾ ಕಾಗದ ಬಿಡಿಸಿದಳು. ಮೊದಲೆರಡು ಸಾಲು ಓದಿದಳು. ಮೂರನೆಯದಕ್ಕೆ ಅವಳ ದನಿ ನಿಧಾನವಾಯಿತು. "ನಮ್ಮ ಅಜ್ಜಿಗೆ ವಯಸ್ಸಾಗಿ ಬುದ್ಧಿ ಸ್ಥಿಮಿತದಲ್ಲಿಲ್ಲ. ಅವರು ಬಾಯಿಗೆ ಬಂದದ್ದು..."

ಅವಳು ಅಲ್ಲಿಗೇ ನಿಲ್ಲಿಸಿದಳು.

ಹುಲಿಯಮ್ಮ ಕೇಳಿದಳು, "ಯಾರಿಗೆ ಬುದ್ಧಿ ಇಲ್ಲ ಅಂತ ಬರ್ದಿದೆ ಮಗಾ?"

"ನಾನು ಓದಲ್ಲ" ಎಂದಳು ತನುಜಾ. ಕಾಗದವನ್ನು ನಾಲ್ಕಾಗಿ ಮಡಿಸಿ ಚೀಲದಲ್ಲಿಟ್ಟುಕೊಂಡಳು. "ನನ್ನ ಹೆಸ್ರು ತನುಜಾ. ನಮ್ಮಜ್ಜಿ ಹೇಳಿದ್ದು ನಿಜ. ಯಾರಿಗಾದ್ರೂ ಬೇಜಾರಾಗಿದ್ರೆ ಕೂತು ಮಾತಾಡೋಣ. ಮಾಡದ ತಪ್ಪಿಗೆ ಕೈ ಮುಗಿಯಲ್ಲ."

ಗಲಾಟೆ ಎದ್ದಿತು. ಯಾರೋ ಕುರ್ಚಿ ಒದ್ದರು. ಹೂವಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಹುಲಿಯಮ್ಮ ಯಾರನ್ನೂ ಲೆಕ್ಕಿಸದೆ ನನ್ನ ಕಡೆ ತಿರುಗಿದಳು. ಅಕ್ಷರ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಊರಲ್ಲಿ ಇಂಥದ್ದನ್ನು ಬರೆಯುವವನು ನಾನೊಬ್ಬನೇ.

"ಬೆಳ್ಳಾ, ಕೂಸನ್ನ ಎತ್ಕೊಂಡು ಹೋಗ್ತಿದ್ದವ ನೀನು. ನಿಂಗೂ ಬುದ್ಧಿ ಕೆಟ್ಟಿತನಾ?"

ಸುರೇಂದ್ರನ ಫೋನು ಇನ್ನೂ ಚಾಲೂ ಇತ್ತು. "ಎತ್ಕೊಂಡು ಹೋಗ್ತಿದ್ದವ ನಾನೇ" ಎಂದೆ. "ಜೈನಬಿ ಕುಡಿಸ್ತಿದ್ಲು. ಕಾಗದದಲ್ಲಿ ಇರೂದು ಸುಳ್ಳು, ಬರ್ದವ ನಾನು." ಸುರೇಂದ್ರ ಫೋನು ಕೆಳಗಿಳಿಸಿದ. ಅದನ್ನು ಅವನು ಯಾರಿಗೂ ಕಳಿಸಲಿಲ್ಲ. ಬೇಕಾದದ್ದು ಅದರಲ್ಲಿ ಇರಲಿಲ್ಲವಲ್ಲ.

ತನುಜಾ ಮಾತ್ರ ಸುಮ್ಮನಿರಲಿಲ್ಲ. ನನ್ನ ಕಾಗದದ ಫೋಟೋ ತೆಗೆದು, ಸುಳ್ಳಿನ ಸಾಲುಗಳಿಗೆ ಕೆಂಪು ಗೆರೆ ಎಳೆದು, 'ನನ್ನಿಂದ ಓದಿಸಲು ತಂದದ್ದು ಇದು, ನಿಮ್ಮಿಂದ ಓದಿಸಿದ್ದು ಯಾವುದು?' ಎಂದು ಪೇಜಿಗೆ ಹಾಕಿದಳು. ವಾರದೊಳಗೆ ಹೊಸನಗರ, ತೀರ್ಥಹಳ್ಳಿ ಕಡೆಗಳಿಂದ ಅಂಥ ಏಳು ಕ್ಷಮಾಪಣೆ ಕಾಗದಗಳ ಫೋಟೋ ಬಂದವು. ಅದರಲ್ಲಿ ನಾಲ್ಕು ನನ್ನದೇ ಕೈಬರಹ. ಅವಳು ಹೆಸರುಗಳನ್ನು ಮುಚ್ಚಿ ಎಲ್ಲವನ್ನೂ ಹಾಕಿದಳು. ನನ್ನ ಅಕ್ಷರ ಚೆಂದ ಎಂದು ಹೊಗಳುತ್ತಿದ್ದವರು ಈಗ ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಾರೆ. ನೋಡಲಿ.

ಇದರಿಂದ ಪದ್ಧತಿ ನಿಂತಿತೆಂದು ನಾನು ಹೇಳಲಾರೆ. ಬರೆದುಕೊಡುವವರು ಬೇರೆ ಸಿಕ್ಕಿದ್ದಾರೆ. ಓದುವ ತಂದೆ ತಾಯಿಯರಲ್ಲಿ ನನ್ನದು ಒಂದೇ ಬೇಡಿಕೆ. ಆ ಇಪ್ಪತ್ತು ಮಂದಿ ನಿಮ್ಮ ಬಾಗಿಲಿಗೆ ಬಂದಾಗ 'ಅರ್ಧ ನಿಮಿಷದ ಕೆಲಸ' ಎಂದು ಮಕ್ಕಳನ್ನು ಮುಂದೆ ತಳ್ಳಬೇಡಿ. ಆ ಅರ್ಧ ನಿಮಿಷ ಮುಗಿಯುವುದೇ ಇಲ್ಲ.

ಹೂವಪ್ಪನಿಗೆ ಹೇಳಿದ್ದ ಐದು ಮದುವೆಗಳು ತಪ್ಪಿಹೋದವು. ಅವನು ಮಗಳ ಮೇಲೆ ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಮಡಿಸಿಟ್ಟ ಶಾಮಿಯಾನದ ಬಟ್ಟೆಗಳ ಮೇಲೆ ಮೂರು ದಿನ ಕೂತಿದ್ದ. ಭಾನುವಾರ ಬೆಳಿಗ್ಗೆ ಬಂದು, "ಅಣ್ಣಾ, ಆ ಜೈನಬಮ್ಮನ ಮನೆ ತೋರ್ಸು" ಎಂದ.

ತನುಜಾಳನ್ನೂ ಕರೆದುಕೊಂಡು ನಾವು ಮೂವರು ಸಾಗರಕ್ಕೆ ಹೋದೆವು. ಬಾಗಿಲು ತೆರೆದವಳು ಮುಬೀನಾ. ನಮ್ಮನ್ನು ಕಂಡು ತಲೆ ತಗ್ಗಿಸಿದಳು. ತನುಜಾ ಏನೂ ಕೇಳದೆ ಅವಳ ಕೈ ಹಿಡಿದುಕೊಂಡಳು. ಒಳಗೆ ಮಂಚದ ಮೇಲೆ ಕೂತಿದ್ದ ಸಣಕಲು ಮುದುಕಿ ಯಾರೆಂದು ನಾನು ತೋರಿಸುವ ಮೊದಲೇ ಹೂವಪ್ಪ ಮುಂದೆ ಹೋದ. ಏನು ಹೇಳಬೇಕೆಂದು ತಿಳಿಯದೆ ಎರಡೂ ಕೈ ಮುಗಿದ.

ಮುಗಿದ ಕೈ ನೋಡಿದ್ದೇ ತಡ, ಜೈನಬಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ಸರಿದಳು.

"ಬ್ಯಾಡ ಮಗಾ, ವಿಡಿಯೋ ಬ್ಯಾಡ. ನಾನು ಯಾರಿಗೂ ಎಂಥದೂ ಹೇಳಿಲ್ಲ. ಯಾರಿಗೂ ಹಾಲು ಕುಡಿಸಿಲ್ಲ."

ಹೂವಪ್ಪ ಅಂಗಿಯ ಜೇಬು, ಪ್ಯಾಂಟಿನ ಜೇಬು ಎಲ್ಲವನ್ನೂ ಹೊರಗೆಳೆದು ತೋರಿಸಿದ. "ಮೊಬೈಲ್ ತಂದಿಲ್ಲಮ್ಮ. ನೋಡು, ಎಂಥದೂ ಇಲ್ಲ. ನಾನು ಹುಲಿಯಮ್ಮನ ಮಗ" ಎನ್ನುತ್ತಾ ಅವಳ ಕಾಲ ಬುಡದಲ್ಲಿ ನೆಲಕ್ಕೆ ಕೂತ.

ಅವಳು ಸೆರಗು ತೆಗೆಯಲು ಬಹಳ ಹೊತ್ತು ಹಿಡಿಯಿತು.