ಗುರಿಗಿಂತ ಒಂದು ಗೇಣು ಹಿಂದೆ

ನಾನು ಒಂದು ಕ್ಯಾಮೆರಾ. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ, ಧೂಳಿನ ಕಣವೂ ಸುಳಿಯದ ಕೋಣೆಯಲ್ಲಿ, ಬಿಳಿ ಕೈಗವಸು ತೊಟ್ಟ ಹೆಂಗಸರ ಕೈಯಲ್ಲಿ ಹುಟ್ಟಿದೆ. ನನ್ನ ಹೊಟ್ಟೆಯಲ್ಲಿ ಎರಡು ಕನ್ನಡಿಗಳಿವೆ. ದೊಡ್ಡದು ಎದುರಿನ ನೋಟವನ್ನು ಮೇಲಕ್ಕೆ, ಹಿಡಿದವರ ಕಣ್ಣಿಗೆ ಮುಟ್ಟಿಸುತ್ತದೆ. ಅದರ ಬೆನ್ನಿಗಿರುವ, ಹೆಬ್ಬೆರಳ ಉಗುರಿನಷ್ಟು ಚಿಕ್ಕದು, ಒಂದಿಷ್ಟು ಬೆಳಕನ್ನು ಕೆಳಕ್ಕೆ ಕಳಿಸುತ್ತದೆ. ಅಲ್ಲಿ ತಳದಲ್ಲಿ ಕೂತ ನನ್ನ ಸ್ವಂತ ಕಣ್ಣು ಆ ಬೆಳಕಿನಿಂದ ದೂರ ಅಳೆದು, ಲೆನ್ಸನ್ನು ತಿರುಗಿಸಿ, ‘ಪೀಪ್’ ಎನ್ನುತ್ತದೆ. ಸಿಕ್ಕಿತು, ಒತ್ತು ಎಂದರ್ಥ. ಗುಂಡಿ ಒತ್ತಿದಾಗ ಎರಡು ಕನ್ನಡಿಗಳೂ ಮೇಲೆ ಹಾರಿ ದಾರಿ ಬಿಡುತ್ತವೆ. ಬೆಳಕು ಹಿಂದಿನ ಫಲಕದ ಮೇಲೆ ಬಿದ್ದು ಚಿತ್ರವಾಗುತ್ತದೆ. ಇಷ್ಟನ್ನು ಮೊದಲೇ ಹೇಳಿಬಿಡಬೇಕು. ನನ್ನ ಬದುಕಿನ ಗೋಳೆಲ್ಲ ಆ ಚಿಕ್ಕ ಕನ್ನಡಿಯದು.

ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯ ಗಣಪತಿಸಾ ಕಾಟವೆ, ಮದುವೆ ಫೋಟೊ ತೆಗೆಯುವವರು. ಆರು ವರ್ಷ ಅವರ ಎದೆಯ ಮೇಲೆ ತೂಗಾಡಿದೆ. ನವಲಗುಂದದ ಒಂದು ಮದುವೆಯಲ್ಲಿ ನನ್ನನ್ನು ಕುರ್ಚಿಯ ಮೇಲೆ ಇಟ್ಟಿದ್ದಾಗ, ಅಕ್ಕಿಕಾಳಿಗೆ ಚಾಚಿದ ಯಾರದೋ ಕೈಗೆ ನನ್ನ ಪಟ್ಟಿ ಸಿಕ್ಕಿಕೊಂಡಿತು. ವೇದಿಕೆಯಿಂದ ನೆಲಕ್ಕೆ ಬಿದ್ದೆ. ಕಾಟವೆ ಎತ್ತಿಕೊಂಡು ಊದಿದರು, ಒರೆಸಿದರು, ಗುಂಡಿ ಒತ್ತಿದರು. ಪೀಪ್ ಎಂದೆ. “ಏನೂ ಆಗಿಲ್ಲ ಬಿಡ್ರಿ” ಎಂದರು. ನನಗೂ ಹಾಗೆಯೇ ಅನಿಸಿತ್ತು. ಅವರ ಲೆನ್ಸು ಅಗಲ ನೋಟದ್ದು. ನೆಂಟರಿಷ್ಟರು ಮೂರು ಸಾಲು ನಿಂತರೂ ಎಲ್ಲರೂ ಒಂದೇ ಸಮನೆ ಸ್ಪಷ್ಟವಾಗಿ ಬರುತ್ತಿದ್ದರು. ಒಳಗೆ ಕೂದಲೆಳೆಯಷ್ಟು ಓರೆಯಾದದ್ದು ಇಬ್ಬರಿಗೂ ತಿಳಿಯಲಿಲ್ಲ.

ಅವರು ಹೊಸ ಯಂತ್ರ ತಂದ ವರ್ಷ ನಾನು ಶಿರಹಟ್ಟಿಯ ಫಕ್ಕೀರೇಶ ಮುಳಗುಂದ ಅವರ ಕೈ ಸೇರಿದೆ. ಅವರು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರು, ವಯಸ್ಸು ಐವತ್ತೆರಡು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮನುಷ್ಯ. ಚಹಾ ಕುಡಿಯುವುದೂ ಅಂಗಳದಲ್ಲಿ ಅಡ್ಡಾಡುತ್ತಲೇ. ನನಗೆ ಮೊಳದುದ್ದದ ಲೆನ್ಸು ತೊಡಿಸಿ, ರಜೆಯ ದಿನಗಳಲ್ಲಿ ಬೈಕಿನ ಮೇಲೆ ಮಾಗಡಿ ಕೆರೆಗೆ ಒಯ್ಯುತ್ತಿದ್ದರು. ಚಳಿಗಾಲಕ್ಕೆ ಅಲ್ಲಿಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಕೆಲವು ಹಕ್ಕಿಗಳ ಕತ್ತಿಗೆ ದೂರದೇಶದ ಸಂಶೋಧಕರು ಹಳದಿ ಪಟ್ಟಿ ಹಾಕಿರುತ್ತಾರೆ, ಅದರ ಮೇಲೊಂದು ಸಂಖ್ಯೆ ಬರೆದಿರುತ್ತಾರೆ. ಅದನ್ನು ಓದಿ ತಿಳಿಸಿದರೆ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಗೊತ್ತಾಗುತ್ತದೆ. ಆ ಲೆಕ್ಕ ಇಡುತ್ತಿದ್ದವರು ಗದಗದ ಕಾಲೇಜಿನಲ್ಲಿ ಪಾಠ ಹೇಳುವ ಅರವಿಂದ ಹಂಚಿನಾಳ.

ಫೆಬ್ರುವರಿಯ ಒಂದು ಬೆಳಿಗ್ಗೆ ಮಾಸ್ತರರಿಗೆ ಅಂಥ ಹಕ್ಕಿಯೊಂದು ಕಂಡಿತು. ಉಸಿರು ಬಿಗಿಹಿಡಿದು ಗುರಿಯಿಟ್ಟರು. ಪೀಪ್ ಎಂದೆ. ಹತ್ತು ಸಲ ಒತ್ತಿದರು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಹತ್ತೂ ಮಸುಕು. ಆದರೂ ಅದರಲ್ಲೊಂದನ್ನು ಹಂಚಿನಾಳರಿಗೆ ಕಳಿಸಿ, “ಎಚ್ ಎಂಬತ್ತಮೂರು, ನಾ ಕಣ್ಣಾರೆ ಓದೀನಿ” ಎಂದು ಫೋನು ಮಾಡಿದರು.

ಹಂಚಿನಾಳರು ತಮ್ಮ ಲೆಕ್ಕ ತೆರೆದು ನೋಡಿದರು. ಆಮೇಲೆ, “ಮಾಸ್ತರ, ಎಂಬತ್ತಮೂರು ಹೋದ ವರ್ಷನ ಸತ್ತು ಸಿಕ್ಕೈತ್ರಿ. ಅದರ ಕೊಳ್ಳಪಟ್ಟಿ ಸಂಶೋಧಕರ ಹತ್ರನ ಐತಿ” ಎಂದರು.

“ಹಂಗಾರ ನಾ ಸುಳ್ಳು ಹೇಳಾಕತ್ತೀನೇನು?”

“ಹಂಗಲ್ರಿ. ಪಟ ನೋಡಿದ್ರ ನನಗ ಕೊಳ್ಳಪಟ್ಟಿನೂ ಕಾಣವಲ್ದು. ಏನಂತ ಬರಕೊಳ್ಳಲಿ?”

ಮಾಸ್ತರು ಫೋನು ಇಟ್ಟುಬಿಟ್ಟರು. ಅಂದಿನಿಂದ ಅವರ ಚಡಪಡಿಕೆ ಮಿತಿಮೀರಿತು. ಕೆರೆಗೆ ಹೋಗುವರು, ಬರುವರು, ಮಸುಕು ಚಿತ್ರಗಳನ್ನು ನೋಡಿ ತಲೆ ಹಿಡಿದುಕೊಳ್ಳುವರು. ಅವರ ತಂದೆ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರಂತೆ. ಐವತ್ತರ ಆಸುಪಾಸಿನಲ್ಲಿ ಕೈ ನಡುಕ ಬಂದು, ಗೆರೆ ಸೊಟ್ಟಾಗಿ, ಕುಂಚ ಕೆಳಗಿಟ್ಟವರಂತೆ. ಆ ಭಯ ಮಗನ ಮನಸ್ಸನ್ನು ಹೊಕ್ಕಿತು. ಶಾಲೆಯ ಕರಿಹಲಗೆಯ ಮೇಲೆ ಕೈವಾರವಿಲ್ಲದೆ ವೃತ್ತ ಬರೆದು, ದೂರ ನಿಂತು ನೋಡಿ, ಒರೆಸಿ, ಮತ್ತೆ ಬರೆಯುವರು. ಊಟಕ್ಕೆ ಕೂತಾಗ ಚಾಚಿದ ಬೆರಳುಗಳನ್ನು ತಾವೇ ದಿಟ್ಟಿಸುವರು.

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಅವರದೇ ತಪ್ಪು ಎಂದುಕೊಂಡಿದ್ದೆ. ನಾನು ಅಳೆದದ್ದು ಸರಿಯಾಗಿತ್ತು, ಪೀಪ್ ಎಂದದ್ದು ಸರಿಯಾಗಿತ್ತು. ಚಿತ್ರ ಕೆಟ್ಟರೆ ಹಿಡಿದ ಕೈ ಕೆಟ್ಟಿರಬೇಕು. ಇನ್ನೇನು?

ಮಾಸ್ತರರ ಹೆಂಡತಿ ರುದ್ರವ್ವ ಮನೆಯಲ್ಲೇ ಬಟ್ಟೆ ಹೊಲಿಯುವವರು. ಒಂದು ಭಾನುವಾರ ಕಾಜಾ ಮಾಡುತ್ತಿದ್ದ ರವಿಕೆಯನ್ನು ಬದಿಗಿಟ್ಟು ಗಂಡನ ಹಿಂದೆ ಬಂದು ನಿಂತರು.

“ಏನ್ ಒಂದ ಸಮನ ನೋಡಾಕತ್ತೀರಿ?”

“ನನ್ನ ಕೈ ನಡಗಾಕ ಹತ್ಯಾವ. ಅಪ್ಪನಂಗ” ಎಂದರು ಮಾಸ್ತರು. ಆ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದರು.

ರುದ್ರವ್ವ ಪರದೆಗೆ ಮುಖ ಹತ್ತಿರ ಒಯ್ದರು. ಸೂಜಿಗೆ ದಾರ ಪೋಣಿಸುವ ಕಣ್ಣು ಅದು. “ಕೈ ನಡಗಿದ್ರ ಎಲ್ಲಾ ಅಲಗ್ಯಾಡಬೇಕಲ್ರಿ? ಹಕ್ಕಿ ಮಸುಕೈತಿ ಖರೆ. ಅದರ ಹಿಂದಿನ ಹುಲ್ಲು ನೋಡ್ರಿ. ಎಳಿ ಎಳಿ ಎಣಸಬೌದು.”

ಮಾಸ್ತರು ಇನ್ನೊಂದು ಚಿತ್ರ ತೆರೆದರು. ಅಲ್ಲಿಯೂ ಹಿಂದಿನ ಹುಲ್ಲು ಸ್ಪಷ್ಟ. ಮತ್ತೊಂದು, ಅದರಲ್ಲಿಯೂ. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತರು.

ಅದೇ ಮಧ್ಯಾಹ್ನ ನನ್ನ ಪರೀಕ್ಷೆ ನಡೆಯಿತು. ಪಡಸಾಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡಿಗೆ ನನ್ನನ್ನು ಬಿಗಿದರು. ಎಂಟು ಅಡಿ ಎದುರಿಗೆ ಹಲಗೆಯೊಂದನ್ನು ಓರೆಯಾಗಿ ಆನಿಸಿ, ಅದರ ಮೇಲೆ ರುದ್ರವ್ವನ ಅಳತೆಪಟ್ಟಿಯನ್ನು ಉದ್ದಕ್ಕೆ ಹಾಸಿದರು. ಮೂವತ್ತನೆಯ ಅಂಕಿಯ ಪಕ್ಕ ದಪ್ಪಗೆ ಒಂದು ಕರಿ ಗೆರೆ ಎಳೆದು ಅದಕ್ಕೇ ಗುರಿಯಿಟ್ಟರು. ಕೈ ತಾಗಿ ಅಲುಗಬಾರದೆಂದು, ಒತ್ತಿದ ಹತ್ತು ಸೆಕೆಂಡಿಗೆ ನಾನೇ ಚಿತ್ರ ತೆಗೆಯುವಂತೆ ಮಾಡಿದರು. ಪೀಪ್ ಎಂದೆ, ಎಂದಿನ ಗತ್ತಿನಲ್ಲೇ. ಚಿತ್ರದಲ್ಲಿ ಮೂವತ್ತು ಮಸುಕಾಗಿತ್ತು. ಅದರ ಹಿಂದಿನ ಮೂವತ್ತೆರಡು ಹೊಳೆಯುತ್ತಿತ್ತು.

“ಒಂದ ಸಲಕ್ಕ ನಂಬಬಾರದು” ಎಂದು ಮಾಸ್ತರು ಲೆನ್ಸಿನ ಗುರಿಯನ್ನು ಕೈಯಾರೆ ಕೆಡಿಸಿ, ಮತ್ತೆ ಗುರಿ ಹಿಡಿಸಿದರು. ಐದು ಸಲವೂ ಅದೇ. ಬಳಿಕ ಕನ್ನಡಿಗಳನ್ನು ಮೇಲೆತ್ತಿಸಿ, ಹಿಂದಿನ ಪರದೆಯಲ್ಲಿ ನೋಡುತ್ತ ಗುರಿ ಹಿಡಿದರು. ಆಗ ಅಳೆಯುವುದು ನನ್ನ ತಳದ ಕಣ್ಣಲ್ಲ, ಚಿತ್ರ ಮೂಡುವ ಫಲಕವೇ. ಈ ಸಲ ಮೂವತ್ತು ಚೊಕ್ಕವಾಗಿ ಬಂತು. ಲೆನ್ಸು ಚೆನ್ನಾಗಿದೆ, ಫಲಕ ಚೆನ್ನಾಗಿದೆ, ಕೈ ಚೆನ್ನಾಗಿದೆ. ಓರೆಯಾದದ್ದು ನನ್ನ ಒಳಗಿನ ದಾರಿ.

ಇಷ್ಟು ವರ್ಷ ಎಷ್ಟು ಧೈರ್ಯವಾಗಿ ಪೀಪ್ ಎಂದಿದ್ದೆ! ನೆಲ ಬಿರಿದು ನುಂಗಬಾರದೇ ಅನಿಸಿತು.

“ಪರದಿ ನೋಡೇ ಪಟ ತಗೀರಲ್ಲ ಮತ್ತ” ಎಂದರು ರುದ್ರವ್ವ.

“ಬಿಸಲಾಗ ಪರದಿ ಕಾಣೂದಿಲ್ಲ. ಅದು ಗುರಿ ಹುಡುಕೂದ್ರಾಗ ಹಕ್ಕಿ ಹಾರಿಹೋಗಿರತೈತಿ.”

ಮಾಸ್ತರು ನನ್ನ ಕೈಪಿಡಿಯನ್ನು ನಿಘಂಟು ಹಿಡಿದು ಓದಿದರು. ನನ್ನ ಅಳತೆಯನ್ನು ಹಿಂದೆ ಮುಂದೆ ಸರಿಸುವ ಒಂದು ಪಟ್ಟಿ ನನ್ನೊಳಗೇ ಇತ್ತು: ಸೊನ್ನೆಯಿಂದ ಈಚೆಗೆ ಇಪ್ಪತ್ತು ಮನೆ, ಆಚೆಗೆ ಇಪ್ಪತ್ತು ಮನೆ. ಈಚೆಗೆ ಐದು ಮನೆ ಸರಿಸಿದರು, ಸಾಲಲಿಲ್ಲ. ಏಳು ಮಾಡಿದಾಗ ಮೂವತ್ತು ತಿಳಿಯಾಯಿತು.

ಸೋಮವಾರ ಶಾಲೆಗೆ ರಜೆ ಹಾಕಿ ಕೆರೆಗೆ ಓಡಿದರು. ಆಗಲೇ ಹಕ್ಕಿಗಳ ಗುಂಪು ಅರ್ಧಕ್ಕೆ ಇಳಿದಿತ್ತು. ಬಿಸಿಲು ಏರಿದಂತೆ ಅವು ಉತ್ತರಕ್ಕೆ ಹೊರಡುವ ಕಾಲ. ಹಳದಿ ಪಟ್ಟಿಯ ಹಕ್ಕಿ ಇನ್ನೂ ಇತ್ತು. ಆದರೆ ಚಿತ್ರ ಮೊದಲಿಗಿಂತ ಮೇಲು ಎನ್ನಬೇಕೇ ಹೊರತು ಸಂಖ್ಯೆ ಇನ್ನೂ ಓದಲು ಬರುತ್ತಿರಲಿಲ್ಲ.

ಮಾಸ್ತರು ದಂಡೆಯ ಮೇಲೆ ಅತ್ತಿಂದಿತ್ತ ನಡೆದರು. ಒಮ್ಮೆ ನನ್ನನ್ನು ಎತ್ತಿದ ರೀತಿ ನೋಡಿ, ನೀರಿಗೇ ಎಸೆಯುವರೇನೋ ಎಂದು ಹೆದರಿದೆ. ಎಸೆಯಲಿಲ್ಲ. “ಎಂಟು ಫೂಟಿನ್ಯಾಗ ಅಳದು, ಇಲ್ಲೆ ನೂರು ಫೂಟಿಗೆ ಹೊಡದ್ರ ಹೆಂಗ?” ಎಂದು ತಮಗೆ ತಾವೇ ಹೇಳಿಕೊಂಡು ಬೈಕು ತಿರುಗಿಸಿದರು.

ಆ ಸಂಜೆ ಶಾಲೆಯ ಖಾಲಿ ಬಯಲಿನಲ್ಲಿ ಹನ್ನೆರಡು ಇಟ್ಟಿಗೆ ನಿಲ್ಲಿಸಿದರು. ಒಂದಕ್ಕೊಂದು ಗೇಣು ಹಿಂದೆ, ಒಂದು ಇನ್ನೊಂದನ್ನು ಮರೆ ಮಾಡದಂತೆ ತುಸು ಪಕ್ಕಕ್ಕೆ. ಒಂದೊಂದರ ಮೇಲೂ ಹಳೆಯ ಕ್ಯಾಲೆಂಡರಿನ ಒಂದೊಂದು ತಿಂಗಳನ್ನು ಅಂಟಿಸಿದರು. ರುದ್ರವ್ವ ಗಾಳಿಗೆ ಹಾಳೆ ಹಾರದಂತೆ ಗುಂಡುಸೂಜಿ ಹಿಡಿದು ಓಡಾಡಿದರು. ಐವತ್ತು ಅಡಿ ದೂರದಲ್ಲಿ ನಾನು ಸ್ಟ್ಯಾಂಡಿನ ಮೇಲೆ. ಜೂನ್ ತಿಂಗಳಿಗೆ ಗುರಿ.

“ಯಾವುದು ಬಂತ್ರಿ?” ಎಂದು ರುದ್ರವ್ವ ಕೂಗಿದರು.

“ಜುಲೈ!”

ಒಂದೇ ಗೇಣು. ಆ ಒಂದು ಗೇಣು ದೂರದ ಹಕ್ಕಿಯ ಹತ್ತಿರ ಮೊಳಗಟ್ಟಲೆ ಆಗುತ್ತಿತ್ತು. ಏಳನ್ನು ಒಂಬತ್ತು ಮಾಡಿದರು, ಹತ್ತು ಮಾಡಿದರು. ಹನ್ನೊಂದಕ್ಕೆ ಜೂನ್ ತಿಂಗಳ ಅಂಕಿಗಳು ಕಲ್ಲಿನಲ್ಲಿ ಕೊರೆದಂತೆ ನಿಂತವು. ಹನ್ನೆರಡು ಮಾಡಿ ನೋಡಿದರು. ಮೇ ಕಡೆಗೆ ವಾಲಿತು. ಮತ್ತೆ ಹನ್ನೊಂದಕ್ಕೇ ಬಂದರು.

ಮರುದಿನ ಬೆಳಿಗ್ಗೆ ಕೆರೆಯಲ್ಲಿ ನಲವತ್ತರಷ್ಟು ಹಕ್ಕಿಗಳು ಉಳಿದಿದ್ದವು. ಮಾಸ್ತರು ದಂಡೆಯ ಹುಲ್ಲಿನಲ್ಲಿ ಹೊಟ್ಟೆಯ ಮೇಲೆ ಮಲಗಿದರು. ಎರಡು ಗಂಟೆ ಅಲುಗಲಿಲ್ಲ. ಆ ಮನುಷ್ಯ ಅಷ್ಟು ಹೊತ್ತು ಒಂದೆಡೆ ಇದ್ದದ್ದನ್ನು ನಾನು ಕಂಡದ್ದು ಅಂದೇ. ನಾನೇ ಒಳಗೊಳಗೆ ತಳಮಳಿಸುತ್ತಿದ್ದೆ. ಹಳದಿ ಪಟ್ಟಿಯ ಹಕ್ಕಿ ಗುಂಪಿನ ನಡುವಿನಿಂದ ಹೊರಬಂದು ಕತ್ತು ನೀಳ ಮಾಡಿತು. ಪೀಪ್ ಎನ್ನುವಾಗ ಮೊದಲಿನ ಗತ್ತು ನನಗಿರಲಿಲ್ಲ. ಅವರು ಒತ್ತಿದರು.

ಅಲ್ಲೇ, ಟವೆಲಿನ ನೆರಳಿನಲ್ಲಿ ಪರದೆ ನೋಡಿದರು. ಹಕ್ಕಿಯ ಕಣ್ಣಿನಲ್ಲಿ ಆಕಾಶ ಮಿನುಗುತ್ತಿತ್ತು. ಪಟ್ಟಿಯ ಮೇಲಿನ ಅಕ್ಷರ ಅಚ್ಚು ಹಾಕಿದಂತಿತ್ತು: ಎಚ್ 88.

ಎಂಬತ್ತಮೂರಲ್ಲ. ಎಂಬತ್ತೆಂಟು.

ಮಾಸ್ತರು ಬಹಳ ಹೊತ್ತು ಆ ಎರಡು ಅಂಕಿಗಳನ್ನು ನೋಡುತ್ತ ಕುಳಿತರು. ಚಿತ್ರವನ್ನು ಅಳಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ಹೆಬ್ಬೆರಳು ಆ ಗುಂಡಿಯ ಪಕ್ಕದಲ್ಲೇ ಇತ್ತು. ಆಮೇಲೆ ಕಿಸೆಯಿಂದ ಫೋನು ತೆಗೆದರು.

“ಹಂಚಿನಾಳ್ ಸರ, ನಾ ಅವತ್ತ ತಪ್ಪ ಓದಿದ್ದೆ. ಎಂಬತ್ತೆಂಟು ಐತಿ. ಪಟ ಕಳಸ್ತೀನಿ. ಸಿಟ್ಟಿಗೆದ್ದದ್ದಕ್ಕ ಕ್ಷಮಾ ಇರಲಿ.”

ಆ ಕಡೆ ಕಾಗದ ತಿರುವುವ ಸದ್ದು. “ಮಾಸ್ತರ! ಎಂಬತ್ತೆಂಟು ಮೂರು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿಲ್ರಿ. ಅದೂ ಹೋತು ಅಂತ ಬರದಿದ್ವಿ. ನೀವು ನೋಡದ ಹೋಗಿದ್ರ ಅದು ಕಾಗದದ ಮ್ಯಾಲೆ ಸತ್ತ ಇರತಿತ್ತು!”

ಚಿತ್ರ ಕಳಿಸಲು ಮಾಸ್ತರು ಮನೆಗೆ ಬೈಕು ಓಡಿಸಿದರು. ಮೂರನೆಯ ದಿನ ಹಕ್ಕಿಗಳೆಲ್ಲ ಹೊರಟು ಕೆರೆ ಬರಿದಾಯಿತು.

ಅದಾಗಿ ಎಂಟು ಚಳಿಗಾಲ ಅವರೊಡನೆ ಕೆರೆಗೆ ಹೋದೆ. ಪ್ರತಿ ನವೆಂಬರಿನಲ್ಲಿ ಬಯಲಿನಲ್ಲಿ ಇಟ್ಟಿಗೆ ನಿಲ್ಲಿಸಿ ನನ್ನನ್ನು ಪರೀಕ್ಷಿಸಿಯೇ ಹೊರಡುತ್ತಿದ್ದರು. ಕೊನೆಗೊಂದು ದಿನ ಫಲಕದ ಮುಂದೆ ತೆರೆದು ಮುಚ್ಚುವ ನನ್ನ ಶಟರಿನ ಎಲೆಗಳು ಸವೆದು ಹರಿದವು. ಹುಬ್ಬಳ್ಳಿಯ ರಿಪೇರಿಯವರು ನನ್ನ ಹೊಟ್ಟೆ ಬಿಚ್ಚಿ, ಭೂತಗನ್ನಡಿ ಹಿಡಿದು ನೋಡಿದರು. ಈ ಭಾಗ ಈಗ ಎಲ್ಲಿಯೂ ಸಿಗುವುದಿಲ್ಲ ಎಂದರು. ಮತ್ತೆ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು.

“ಈ ಸಣ್ಣ ಕನ್ನಡಿ ಸೊಟ್ಟ ಆಗಿ ಎಷ್ಟ ವರ್ಷ ಆಗೇತೋ ಏನೋ. ಇಂಥಾದ್ರಾಗ ಇಷ್ಟ ದಿನ ಹೆಂಗ ಪಟ ತಗದ್ರಿ ಸರ?”

“ಎಷ್ಟು ಸೊಟ್ಟ ಐತಿ ಅನ್ನೂದು ನನಗ ಗೊತ್ತಿತ್ರಿ” ಎಂದರು ಮಾಸ್ತರು.

ಈಗ ರುದ್ರವ್ವನ ಹೊಲಿಗೆ ಕೋಣೆಯ ಗೂಡಿನಲ್ಲಿದ್ದೇನೆ. ಬ್ಯಾಟರಿ ತೆಗೆದಿದ್ದಾರೆ, ಪೀಪ್ ಎನ್ನಲಾರೆ. ಆದರೂ ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ, ಅವರು ಎಷ್ಟು ದೂರದಲ್ಲಿದ್ದಾರೆ ಎಂದು ಅಳೆಯುತ್ತೇನೆ. ಅಳೆದದ್ದರಲ್ಲಿ ಹನ್ನೊಂದು ಮನೆ ಈಚೆಗೆ ಎಣಿಸಿಕೊಳ್ಳುತ್ತೇನೆ.