ಜಯಪ್ರಿಯಾಗೆ ಜಯಪ್ರಿಯಾಳೇ ಅಜ್ಜಿ

ಇದು ನಡೆದದ್ದೇ. ನಂಬದಿದ್ದರೆ ಕುನ್ನತ್ತೂರಿನ ಕುಪ್ಪಮ್ಮನನ್ನು ಕೇಳಿ. ಅವಳ ಮದುವೆಯೇ ಸಾಕ್ಷಿ.

ಕುಪ್ಪಮ್ಮನ ಮೊಮ್ಮಗಳು ಜಯಪ್ರಿಯಾ ಆರ್.ಎಸ್. ಪುರಂನ ಮಹಡಿ ಮನೆಯಲ್ಲಿ ಕೂತು ಮೂರು ವರ್ಷ ಒಂದು ತಂತ್ರಾಂಶ ಕಟ್ಟಿದ್ದಳು. ತರ್ಕದ ಮೇಷ್ಟ್ರು ಅನ್ನಿ. ಸಾಧನೆಯ, ಅಂದರೆ ಪ್ರೂಫಿನ, ಹೆಜ್ಜೆಗಳನ್ನು ಒಂದೊಂದಾಗಿ ಟೈಪು ಮಾಡಿದರೆ 'ಒಪ್ಪಿದೆ' ಎನ್ನುತ್ತದೆ, ಇಲ್ಲವೇ 'ಒಪ್ಪಲಾರೆ' ಎಂದು ಮುಖ ಗಂಟಿಕ್ಕುತ್ತದೆ. ಅಂದು ಮೂರು ಗಂಟೆಗೆ ಗೈಡ್ ದೀನದಯಾಳನ್ ಅದನ್ನು ನೋಡುವವರಿದ್ದರು. ಒಂದೇ ಒಂದು ಸುಳ್ಳನ್ನು ಒಪ್ಪಿದರೂ ಪಿಎಚ್.ಡಿ. ಮುಳುಗಿದಂತೆ. ಉದಾಹರಣೆಗೆಂದು ತನ್ನ ಮನೆಯವರ ನಂಟನ್ನೇ ಅದರೊಳಗೆ ಬರೆದಿಟ್ಟಿದ್ದಳು.

ಊಟ ಮುಗಿಸಿ ಬಂದರೆ ಪರದೆಯ ಮೇಲೆ: 'ಜಯಪ್ರಿಯಾಗೆ ಜಯಪ್ರಿಯಾಳೇ ಅಜ್ಜಿ. ಒಪ್ಪಿದೆ.'

'ಜಯಪ್ರಿಯಾ ಗಂಡಸು' ಎಂದು ಕೊಟ್ಟಳು. ಒಪ್ಪಿತು. 'ಗಂಡಸಲ್ಲ.' ಅದನ್ನೂ ಒಪ್ಪಿತು. ಬೆವರುತ್ತ ತಂತ್ರಾಂಶದ ಒಂದೊಂದು ಸಾಲನ್ನೂ ತಡಕಿದಳು. ಎಲ್ಲೂ ತಪ್ಪಿಲ್ಲ. ಅದೇ ಹೆದರಿಕೆ. ಗಂಟೆ ಎರಡೂಕಾಲು.

ಬಾಗಿಲ ಹಿಂದೆ ದೀನದಯಾಳನ್ ಅವರ ಗೊಗ್ಗರು ದನಿ: "ಏನಮ್ಮಾ, ನಿನಗೆ ನೀನೇ ಅಜ್ಜಿಯಾ? ವಣಕ್ಕಂ ಪಾಟಿ!"

ಜಯಪ್ರಿಯಾ ಧಡಕ್ಕನೆ ಎದ್ದು ನಿಂತಳು. ಗೈಡ್ ದನಿಯನ್ನು ಅಣಕಿಸುತ್ತ ಇಣುಕಿದವನು ಮಾವನ ಮಗ ಪ್ರೇಮ್ ಕುಮಾರ್.

"ಏನ್ ಕೆಡಿಸಿಟ್ಟೆಡಾ?"

"ಸಾಮಿ ಸತ್ಯವಾಗ್ಲೂ ಒಂದೇ ಲೈನ್ ಸೇರ್ಸಿದ್ದು. ಅದೂ ನಿಜಾನೇ!"

ಕುಪ್ಪಮ್ಮನ ಗಂಡ ಎಂದಷ್ಟೇ ಅವಳು ಬರೆದಿದ್ದ ಅಜ್ಜ ಅಯ್ಯಾಸಾಮಿಯ ಹೆಸರಿನ ಮುಂದೆ ಅವನು ಸೇರಿಸಿದ್ದ: 'ಕುಪ್ಪಮ್ಮನ ತಾಯಿಯ ತಮ್ಮ.'

"ಮಾಮನ್ನೇ ಕಟ್ಕೊಂಡೆ, ನನ್ ಕಣ್ಣೇ, ಅದ್ರಲ್ಲೇನು?" ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಕುಪ್ಪಮ್ಮ ಕೇಳಿದಳು.

ಜಯಪ್ರಿಯಾ ತಾನು ಬರೆದ ಮೊದಲ ನಿಯಮವನ್ನು ತೆರೆದು ನೋಡಿದಳು: 'ಇಬ್ಬರ ನಡುವೆ ಒಂದೇ ನಂಟು.' ಎರಡು ನಂಟಿಲ್ಲದ ಮದುವೆಯೇ ಆಗದ ಮನೆಯಲ್ಲಿ ಹುಟ್ಟಿ ಹೀಗೆ ಬರೆದಿದ್ದಳಲ್ಲ! ನಿಯಮವೂ ನಿಜ, ಅದನ್ನು ಸುಳ್ಳಾಗಿಸುವ ಅಜ್ಜಿಯ ಮದುವೆಯೂ ನಿಜ ಎಂದ ಮೇಲೆ ತರ್ಕ ಏನನ್ನು ಬೇಕಾದರೂ ಒಪ್ಪಲೇಬೇಕು. ತಂತ್ರಾಂಶ ನೆಟ್ಟಗೇ ಇತ್ತು.

"ಆ ಲೈನ್ ಅಳಿಸ್ಬಿಡ್ಲಾ?" ಪ್ರೇಮ್ ಕೇಳಿದ.

"ಅಳಿಸಿದ್ರೆ ಹೋಗೋದು ನಿಜ, ಉಳಿಯೋದು ಸುಳ್ಳು. ನಿಯಮ ತೆಗೆದ್ರೆ ಒಂದ್ ಪ್ರೂಫೂ ನಿಲ್ಲಲ್ಲ."

"ನನ್ ಮದುವೇನ ಯಾಕೆ ಅಳಿಸ್ಬೇಕು?" ಕುಪ್ಪಮ್ಮ ಗದರಿದಳು. "ನಿನ್ ಮಿಷಿನ್‌ಗೆ ಹೇಳು, ತಾಳಿ ಕಟ್ಟಿ ಅರವತ್ತು ವರ್ಷ ಆಯ್ತು ಅಂತ!"

ಎರಡೂವರೆ. ಮಾಡಲು ಏನೂ ಉಳಿದಿರಲಿಲ್ಲ. ಲ್ಯಾಪ್‌ಟಾಪನ್ನು ಹಾಗೇ ಚೀಲಕ್ಕೆ ತುರುಕಿ ಗೈಡ್ ಬಳಿಗೆಂದು ಮೆಟ್ಟಿಲಿಳಿಯತೊಡಗಿದಳು.

"ಪಾಟಿ, ಮೆಲ್ಲಗೆ! ಮಂಡಿ ನೋವು!" ಹಿಂದಿನಿಂದ ಮತ್ತದೇ ಗೊಗ್ಗರು ದನಿ. ಅಜ್ಜಿ ಕಿಸಕ್ಕೆಂದಳು, ಪ್ರೇಮ್ ಹೊಟ್ಟೆ ಹಿಡಿದುಕೊಂಡ. ಅವರಿಬ್ಬರ ನಗುವನ್ನೂ ಮುಳುಗಿಸಿ ಬೀದಿಯವರೆಗೆ ಕೇಳಿದ್ದು, ಮೆಟ್ಟಿಲ ಮೇಲೇ ಕುಸಿದು ಕೂತ ಜಯಪ್ರಿಯಾಳ ನಗು. ನಿಲ್ಲಿಸೋಣವೆಂದರೆ ಅದೂ ಅವಳ ಕೈಲಿರಲಿಲ್ಲ.